ಏಳು ಇಂಚು ಇಪ್ಪತ್ತು ಸೆಂಟು

ಗಡಿಯಲ್ಲಿ

ಮಳೆಮಾಪಕ ಹೊತ್ತುಕೊಂಡು ವಿದೇಶಕ್ಕೆ ಹೋದವಳು ಕೊಪ್ಪ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬಾಂಗ್ಲಾದೇಶದ ಗಡಿಯಲ್ಲಿ ತಪಾಸಣೆಯವನು ನನ್ನ ಚೀಲದಿಂದ ಆ ಪ್ಲಾಸ್ಟಿಕ್ ಕೊಳವೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದ, ಮೂಸಿದ, ತಲೆಕೆಳಗು ಮಾಡಿ ಅಲ್ಲಾಡಿಸಿದ. ಇದರಲ್ಲಿ ಏನು ತುಂಬುತ್ತೀರಿ ಎಂದು ಕೇಳಿದ. ಮಳೆ ಎಂದೆ. ಅವನು ಒಳಗೆ ಹೋಗಿ ತನ್ನ ಮೇಲಿನವನನ್ನು ಕರೆದುಕೊಂಡು ಬಂದ.

“ನಾನು ಆವತ್ತೇ ಹೇಳಿದ್ದೆ ಟೀಚರೇ,” ಎಂದರು ನಾಗಪ್ಪ ಮೇಷ್ಟ್ರು. “ಎರಡು ಡಬ್ಬಿ ಚಕ್ಕುಲಿ ಹಿಡ್ಕಂಡು ಬಂದಿದ್ರೆ ಇಷ್ಟೊತ್ತಿಗೆ ಅವನೂ ತಿಂತಿದ್ದ, ನಾವೂ ಆಚೆ ಇರ್ತಿದ್ವಿ.”

ಅವರ ಚೀಲದಲ್ಲಿದ್ದ ಹನ್ನೆರಡು ಅಡಿಕೆ ಹಾಳೆಯ ಟೋಪಿಗಳನ್ನು ಯಾರೂ ಪ್ರಶ್ನಿಸಲಿಲ್ಲ. ತಪಾಸಣೆಯವನು ಒಂದನ್ನು ತಲೆಗಿಟ್ಟು ನೋಡಿ ನಕ್ಕ ಕೂಡ.

ನಾನು ಬಾಳಗಡಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ನಾಗಪ್ಪನವರು ಮುತ್ತಿನಕೊಪ್ಪದ ಹೈಸ್ಕೂಲು ಮೇಷ್ಟ್ರು. ನೆರೆಹೊರೆಯ ದೇಶಗಳ ಶಿಕ್ಷಕರು ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಎರಡು ವಾರ ಇದ್ದು ಬರಲಿ ಎಂದು ಒಂದು ಸ್ವಯಂಸೇವಾ ಸಂಸ್ಥೆ ಏರ್ಪಾಡು ಮಾಡಿತ್ತು. ಕೊಪ್ಪದಲ್ಲಿ ಮೊಬೈಲು ಹಿಡಿದುಕೊಂಡು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಕಾಲ ಅದು. ನಮ್ಮ ಪಾಲಿಗೆ ಬಂದದ್ದು ಬಾಂಗ್ಲಾದ ದಕ್ಷಿಣ ತುದಿ, ಸಮುದ್ರದ ಪಕ್ಕದ ಒಂದು ಹಳ್ಳಿ. ಅಲ್ಲಿನ ಶಾಲೆಗೆ ನಿಮ್ಮೂರಿನದೊಂದು ವಸ್ತು ಉಡುಗೊರೆ ತನ್ನಿ ಎಂದಿದ್ದರು. ನಮ್ಮೂರಿನದು ಎಂದರೆ ಮಳೆಯೇ ತಾನೇ ಎಂದುಕೊಂಡು ನಾನು ಮಳೆಮಾಪಕ ಕಟ್ಟಿಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆ ಕಡೆಯವರಿಗೆ ಹೇಳಬೇಕು. ಕಾಫಿ ಇರುವ ಮನೆಗಳಲ್ಲಿ ಬೆಳಗಾದರೆ ಅಂಗಳದ ಕೊಳವೆ ನೋಡಿ ಮಳೆ ಓದುವುದು ಹಲ್ಲುಜ್ಜಿದಷ್ಟೇ ಸಹಜ. ಇಂಚಿನ ನೂರನೇ ಭಾಗ ಒಂದು ಸೆಂಟು. ಫೋನೆತ್ತಿದರೆ ಕ್ಷೇಮಸಮಾಚಾರಕ್ಕೂ ಮೊದಲು “ನಿಮ್ಮಲ್ಲಿ ಎಷ್ಟಾಯ್ತು?” ಎಂಬ ಪ್ರಶ್ನೆ. ನನ್ನ ತವರೂರು ಸಿರಿಮನೆಯಲ್ಲಿ ಅಪ್ಪ ಬದುಕಿದ್ದಷ್ಟು ಕಾಲ ನೀಲಿ ರಟ್ಟಿನ ಪುಸ್ತಕದಲ್ಲಿ ಮಳೆ ಬರೆದವರು. ಅವರದು ಒಂದೇ ನಿಯಮ. ಕಣ್ಣಲ್ಲಿ ಕಾಣದ್ದನ್ನು ಬರೆಯುವ ಹಾಗಿಲ್ಲ. ಕೊಳವೆ ತುಂಬಿ ಹರಿದುಹೋದರೆ, ಮದುವೆಗೆ ಹೋಗಿ ಓದುವುದು ತಪ್ಪಿದರೆ, ಆ ದಿನದ ಮುಂದೆ ಒಂದು ಅಡ್ಡಗೆರೆ, ಅಷ್ಟೇ. ಅಂದಾಜು ಬರೆದರೆ ಪುಸ್ತಕವೆಲ್ಲ ಅಂದಾಜಾಗುತ್ತದೆ ಎನ್ನುತ್ತಿದ್ದರು. ಅದಕ್ಕೇ ಜೋರು ಮಳೆಯ ದಿನ ಹೊಳವಾಗುವುದನ್ನೇ ಕಾಯುತ್ತಿದ್ದರು. ಸುರಿಯುವ ಮಳೆ ನಡುವೆ ಸ್ವಲ್ಪ ಹೊತ್ತು ಬಿಟ್ಟು ಬೆಳಕಾಗುತ್ತದಲ್ಲ, ಅದು ಹೊಳವು. ಆಗ ಓಡಿಹೋಗಿ ಓದಿ, ನೀರು ಚೆಲ್ಲಿ, ಕೊಳವೆಯನ್ನು ಮತ್ತೆ ಸಿಕ್ಕಿಸಿ ಬರಬೇಕು. ಮಲೆನಾಡಿನಲ್ಲಿ ಅರ್ಧ ಸಂಸಾರ ನಡೆಯುವುದೇ ಹೊಳವಿನಲ್ಲಿ. ಸೌದೆ ತರುವುದು, ದನ ಬಿಡುವುದು, ಅಂಗಡಿಗೆ ಓಡುವುದು ಎಲ್ಲ ಆಗಲೇ. ಹೊಳವಾಯಿತೆಂದರೆ ನಮ್ಮ ಕಾಲು ತಾನಾಗಿ ಮೆಟ್ಟಿಲಿಳಿಯುತ್ತದೆ.

ದೋಣಿ ಕಟ್ಟುವವರ ಊರು

ಊರಿನ ಹೆಸರು ಬರೆಯುವುದಿಲ್ಲ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ನಾವಿದ್ದದ್ದು ರೊಕೇಯಾ ಎಂಬ ಶಿಕ್ಷಕಿಯ ಮನೆಯಲ್ಲಿ. ತಗಡಿನ ಮಾಡು, ತಗಡಿನ ಗೋಡೆ, ಮುಂದೊಂದು ಕೊಳ. ಕುಡಿಯಲು, ಮೀಯಲು, ಮೀನಿಗೆ ಎಲ್ಲದಕ್ಕೂ ಅದೇ ಕೊಳ. ಮೊದಲ ದಿನವೇ ನಾನು ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ ಸೀರೆ ಸಮೇತ ಆ ಕೊಳಕ್ಕೆ ಬಿದ್ದೆ. “ಜಾರುಬಂಡೆ ಊರಿನವರು ನೀವು, ಇಲ್ಲಿ ಬಂದು ಬೀಳಾದ ಮಾರಾಯ್ರೆ?” ಎಂದು ನಾಗಪ್ಪನವರು ಎರಡು ದಿನ ನಕ್ಕರು. ಕೊಳದ ಸುತ್ತ ಅಡಿಕೆ ಮರಗಳಿದ್ದವು. ಅವನ್ನು ನೋಡಿದಾಗ ದೂರದೂರಿನ ಬಸ್ಸಿನಲ್ಲಿ ನಮ್ಮ ಕಡೆಯ ನೆಂಟರು ಸಿಕ್ಕಂತಾಯಿತು. ಆದರೆ ಅವರು ಅಡಿಕೆಯನ್ನು ನೀರಿನಲ್ಲಿ ಕೊಳೆಹಾಕಿ ತಿನ್ನುತ್ತಾರೆ. ಆ ವಾಸನೆಯ ಬಗ್ಗೆ ನೆಂಟರಿಗೆ ಹೇಳದಿರುವುದೇ ವಾಸಿ.

ಮಳೆಮಾಪಕ ನೆಡಲು ಕಂಬ ಬೇಕಾಯಿತು. ರೊಕೇಯಾ ನದೀದಂಡೆಗೆ ಕರೆದುಕೊಂಡು ಹೋಗಿ ಮೊತಾಲೆಬ್ ಮಿಸ್ತ್ರಿಯನ್ನು ತೋರಿಸಿದಳು. ಐವತ್ತು ದಾಟಿದ, ಕಡ್ಡಿಯಂತಹ ಮನುಷ್ಯ. ದೋಣಿ ಕಟ್ಟುವುದು ಅವರ ಕೆಲಸ. ಹರೆಯದಲ್ಲಿ ಕೋಲ್ಕತ್ತದಲ್ಲಿ ದುಡಿದಿದ್ದರಿಂದ ಅವರಿಗೆ ಹಿಂದಿ ಬರುತ್ತಿತ್ತು. ನನಗೆ ಟೀವಿಯಿಂದ ಕಲಿತ ಹಿಂದಿ. ಎರಡೂ ಮುರುಕಲಾದ್ದರಿಂದ ಚೆನ್ನಾಗಿ ಹೊಂದಿಕೊಂಡವು. ಅವರ ಹತ್ತಿರ ಟೇಪು ಇರಲಿಲ್ಲ. ಬಲಗೈಯ ಗೇಣು ಇಟ್ಟು ಅಳೆಯುತ್ತಿದ್ದರು. ಹಲಗೆಯ ಮೇಲೆ ಆ ಕೈ ಹೆಬ್ಬೆರಳು ಕಿರುಬೆರಳು ಚಾಚಿ ಸಾಗುತ್ತಿತ್ತು, ಹಿಂದಿನಿಂದ ಬಾಚಿ ಬೀಳುತ್ತಿತ್ತು, ಹಲಗೆ ಇನ್ನೊಂದಕ್ಕೆ ಕೂದಲೆಳೆ ಸಂದಿಲ್ಲದೆ ಕೂರುತ್ತಿತ್ತು. ಹದಿನೈದು ನಿಮಿಷದಲ್ಲಿ ಕಂಬ ಮಾಡಿಕೊಟ್ಟು, ತಾವೇ ಹೊತ್ತು ತಂದು ರೊಕೇಯಾ ಮನೆಯ ಅಂಗಳದಲ್ಲಿ ಹುಗಿದರು. ಕೆಲಸಕ್ಕೆ ಏನು ಕೊಡಲಿ ಎಂದರೆ ಸಿಟ್ಟು ಮಾಡಿಕೊಂಡರು.

“ಮಳೆಯನ್ನು ಯಾಕೆ ಅಳೆಯುತ್ತೀರಿ ದಿದಿ?” ಎಂದು ಕೇಳಿದರು.

ನಾನು ಇಂಚು, ಸೆಂಟು, ಅಪ್ಪನ ಪುಸ್ತಕ, ಅಡ್ಡಗೆರೆ ಎಲ್ಲ ಹೇಳಿದೆ. ಅವರು ತಲೆದೂಗುತ್ತಾ ಕೇಳಿ, “ನಾವು ನೀರನ್ನು ಮೈಮೇಲೆ ಅಳೆಯುತ್ತೇವೆ,” ಎಂದರು. ಆ ವರ್ಷ ಮೊಣಕಾಲು, ಈ ವರ್ಷ ಸೊಂಟ ಎಂದು ತಮ್ಮ ಮೈಯನ್ನೇ ಮುಟ್ಟಿ ತೋರಿಸಿದರು. ಕತ್ತಿನವರೆಗೆ ಕೈ ಒಯ್ದು ಅಲ್ಲಿಗೆ ನಿಲ್ಲಿಸಿದರು.

ನಮ್ಮೂರಿನ ಮಳೆ ಬಂದರೆ ನೀವೆಲ್ಲ ದೋಣಿಯಲ್ಲೇ ಸಂಸಾರ ಹೂಡಬೇಕಾಗುತ್ತದೆ ಎಂದು ನಾನು ಜಂಬ ಕೊಚ್ಚಿದೆ. ಕಿಗ್ಗದಲ್ಲಿ ಮಳೆಯ ದೇವರಿದ್ದಾನೆ, ಬರಲಿ ಎಂದೂ ಬೇಡಿಕೊಳ್ಳುತ್ತೇವೆ, ಸಾಕು ನಿಲ್ಲಲಿ ಎಂದೂ ಬೇಡಿಕೊಳ್ಳುತ್ತೇವೆ ಎಂದೆ.

“ಗಾಳಿಗೆ ಇದ್ದಾನೆಯೇ?” ಎಂದರು ಮಿಸ್ತ್ರಿ. ನನಗೆ ತಿಳಿದ ಮಟ್ಟಿಗೆ ಇರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಎಂಟೂವರೆಗೆ ಅವರು ಅಂಗಳಕ್ಕೆ ಹಾಜರು. ಕಾರ್ತಿಕದ ಬಿಸಿಲು, ಕೊಳವೆಯಲ್ಲಿ ಧೂಳು. “ದಿದಿ, ಎಷ್ಟಾಯ್ತು?” ಎಂದು ಗಂಭೀರವಾಗಿ ಕೇಳುವರು. ಸೊನ್ನೆ ಎಂದರೆ ತಮ್ಮ ಹಣೆಬರಹವೇ ಅದು ಎನ್ನುವಂತೆ ಮುಖ ಮಾಡಿ ದೋಣಿಗೆ ಹೋಗುವರು. ಊರವರಿಗೆಲ್ಲ ಅದೊಂದು ತಮಾಷೆಯಾಯಿತು.

ಕರಿಹಲಗೆಯ ಮೇಲೆ

ಐದನೆಯ ದಿನ ರೇಡಿಯೋದಲ್ಲಿ ಅಂಡಮಾನಿನ ಹತ್ತಿರ ವಾಯುಭಾರ ಕುಸಿತ ಎಂದರು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಒಂಬತ್ತನೆಯ ತರಗತಿಗೆ ಹೋಗಿ ಚಂಡಮಾರುತದ ಜೀವನಚಕ್ರ ಬಿಡಿಸಿದೆ. ಇಪ್ಪತ್ತೆರಡು ವರ್ಷದಿಂದ ಬಿಡಿಸುತ್ತ ಬಂದ ಚಿತ್ರ, ಕಣ್ಣು ಮುಚ್ಚಿಯೂ ಬಿಡಿಸಬಲ್ಲೆ. ಜನನ, ಬೆಳವಣಿಗೆ, ಪ್ರೌಢಾವಸ್ಥೆ, ಅವನತಿ. ಬೆಚ್ಚಗಿನ ಸಮುದ್ರದಿಂದ ಆವಿ ಮೇಲೇರುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ಭೂಮಿ ತಿರುಗುವುದರಿಂದ ಗಾಳಿಯೂ ಸುತ್ತು ಹಾಕುತ್ತದೆ. ನೀರಿನ ಮೇಲೆ ಇರುವಷ್ಟು ದಿನ ತಿಂದು ಬೆಳೆಯುತ್ತದೆ, ನೆಲಕ್ಕೆ ಬಂದರೆ ಮೇವಿಲ್ಲದೆ ಸೊರಗುತ್ತದೆ. ರೊಕೇಯಾ ಬಂಗಾಳಿಯಲ್ಲಿ ಹೇಳುತ್ತ ಹೋದಳು. ನಡುವೆ ಬಿಳಿ ಸೀಮೆಸುಣ್ಣದಲ್ಲಿ ಒಂದು ದುಂಡು ಜಾಗ ಬಿಟ್ಟು, ಇದು ಕಣ್ಣು ಎಂದೆ. ಕಣ್ಣು ಊರಿನ ಮೇಲೆ ಬಂದಾಗ ಏನಾಗುತ್ತದೆ ಎಂದು ಕೇಳಿದೆ.

ಉತ್ತರ ಬಂದದ್ದು ಕಿಟಕಿಯಿಂದ. ಮೊತಾಲೆಬ್ ಮಿಸ್ತ್ರಿ ಸರಳು ಹಿಡಿದು ನಿಂತಿದ್ದರು. ಊರಿನ ಮುನ್ನೆಚ್ಚರಿಕೆ ದಳದಲ್ಲಿ ಅವರು ಸ್ವಯಂಸೇವಕ. ಮಕ್ಕಳಿಗೆ ಏನು ಹೇಳುತ್ತೇನೆಂದು ಕೇಳಲು ಬಂದಿದ್ದರು.

“ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಗಾಳಿ ನಿಲ್ಲುತ್ತದೆ,” ಎಂದರು. “ಆಮೇಲೆ ಆಚೆ ಕಡೆಯಿಂದ ಬರುತ್ತದೆ. ಅದರ ಜೊತೆ ನೀರು.”

ನಾನು ಅವರನ್ನು ತಿದ್ದಿದೆ. ಚಹಾದ ಲೆಕ್ಕ ಅಲ್ಲ ಭಾಯಿ, ಕಣ್ಣಿನ ಅಗಲದ ಮೇಲೆ ಹೋಗುತ್ತದೆ, ಅರ್ಧ ಗಂಟೆಯೂ ಆಗಬಹುದು, ಹೆಚ್ಚೂ ಆಗಬಹುದು ಎಂದು ಸ್ಕೇಲಿನಿಂದ ಹಲಗೆಯ ಮೇಲೆ ಬಡಿದು ತೋರಿಸಿದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಒಪ್ಪಿಕೊಂಡರು. ಅವನತಿಯ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದೇ ಸಾಲು ಇರುವುದರಿಂದ ನಾನೂ ಒಂದೇ ಸಾಲು ಹೇಳಿ ಮುಗಿಸಿದೆ. ಆಗ ಅವರು ತಮ್ಮಷ್ಟಕ್ಕೆ ಎಂಬಂತೆ ಅಂದರು: “ಹುಟ್ಟುವುದು ಎಲ್ಲೋ ದೂರ. ಸಾಯಲು ನಮ್ಮಲ್ಲಿಗೆ ಬರುತ್ತದೆ.”

ನನಗೆ ಎಲ್ಲ ಗೊತ್ತಿತ್ತು ಎಂಬುದಕ್ಕೆ ಇಷ್ಟನ್ನೂ ಬರೆದೆ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೂರು ಬಾವುಟ

ಪಾಠವಾದ ಎರಡನೆಯ ದಿನ ಶಾಲೆಯ ಮೇಲೆ ಎಚ್ಚರಿಕೆಯ ಒಂದು ಬಾವುಟ ಏರಿತು. ಮರುದಿನ ಎರಡು. ಅಂಡಮಾನಿನಲ್ಲಿ ಕುಸಿತವಾಗಿದ್ದದ್ದು ಈಗ ಚಂಡಮಾರುತವಾಗಿ ಉತ್ತರಕ್ಕೆ ಮುಖ ಮಾಡಿತ್ತು. ಅಂಗಳದಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ, ಆದರೆ ನದಿ ಮಾತ್ರ ಗಾಳಿಯಿಲ್ಲದೆಯೇ ಉಬ್ಬಿ ಉಬ್ಬಿ ದಡಕ್ಕೆ ಬಡಿಯುತ್ತಿತ್ತು. ಮೂರನೆಯ ಬೆಳಿಗ್ಗೆ ಮೂರು ಬಾವುಟ. ಮಿಸ್ತ್ರಿ ಸೈಕಲ್ಲಿನ ಮೇಲೆ ಕೈಮೈಕು ಹಿಡಿದು ಮನೆಮನೆಗೆ ಕೂಗುತ್ತ ಹೋದರು. ಅರ್ಧ ಕಟ್ಟಿದ ದೋಣಿಗೆ ಎಂಟು ಹಗ್ಗ ಬಿಗಿದು, ಬಾಚಿಯನ್ನು ಮಣ್ಣಲ್ಲಿ ಹೂತು, ಕೊನೆಯವರಾಗಿ ಆಶ್ರಯಕ್ಕೆ ಬಂದರು.

ಆಶ್ರಯ ಎಂದರೆ ಎತ್ತರದ ಕಾಂಕ್ರೀಟು ಕಂಬಗಳ ಮೇಲೆ ನಿಂತ ಶಾಲೆ. ಕೆಳಗೆ ಖಾಲಿ, ನೀರು ಹಾದುಹೋಗಲಿ ಎಂದು. ಮೇಲೆ ಊರಿಗೆ ಊರೇ ತುಂಬಿಕೊಂಡಿತ್ತು, ಆಡು ಕೋಳಿಗಳೂ ಸೇರಿ. ನಾಗಪ್ಪನವರು ಹೆದರಿದ್ದ ಮಕ್ಕಳಿಗೆಲ್ಲ ಹಾಳೆ ಟೋಪಿ ಹಾಕಿ ಕೂರಿಸಿದರು. ನನ್ನ ಮಳೆಮಾಪಕ ಅದರ ಮುಂದೆ ಎಷ್ಟು ಕೆಲಸಕ್ಕೆ ಬಾರದ್ದು ಎಂದು ಆಗಲೇ ಅನ್ನಿಸಬೇಕಿತ್ತು.

ಮಧ್ಯಾಹ್ನಕ್ಕೆ ಮುಂಚೆ ಮಳೆ ಸುರುವಾಯಿತು. ಮೊದಲ ಒಂದು ಗಂಟೆ ನಾನು ಕಿಟಕಿಯಲ್ಲಿ ನಿಂತು ಮೂಗು ಮುರಿದೆ. ಇದೇನು ಮಳೆ, ನಮ್ಮ ಆರಿದ್ರೆ ಮಳೆಯ ಕಾಲಿನ ಧೂಳಿಗೂ ಸಮವಲ್ಲ ಎಂದೆ. ಆಮೇಲೆ ಗಾಳಿ ಬಂತು. ನಮ್ಮ ಮಳೆ ಮೇಲಿನಿಂದ ಬೀಳುತ್ತದೆ, ನಾವು ಕೊಡೆ ಬಿಚ್ಚುತ್ತೇವೆ. ಇಲ್ಲಿ ಮಳೆ ಅಡ್ಡಡ್ಡ ಓಡುತ್ತಿತ್ತು. ಪೂರ್ವದ ಗೋಡೆಯ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದು. ಊರಿನ ತಗಡುಗಳೆಲ್ಲ ಒಂದೊಂದಾಗಿ ಕಿತ್ತು ಹಾರಿದವು. ಅಡಿಕೆ ಮರಗಳು ಬಾಗಿ ಬಾಗಿ ನಡುವಿಗೇ ಮುರಿದವು. ಮೂರು ಗಂಟೆ ಹೊತ್ತು ಯಾರ ಮಾತೂ ಯಾರಿಗೂ ಕೇಳಲಿಲ್ಲ. ನಾನು ಮೂಗು ಮುರಿಯುವುದನ್ನು ಬಿಟ್ಟು ರೊಕೇಯಾಳ ಕೈ ಹಿಡಿದು ಕುಳಿತಿದ್ದೆ.

ಹೊಳವು

ಮೂರೂವರೆಯ ಸುಮಾರಿಗೆ ಗಾಳಿ ನಿಂತಿತು. ಮಳೆಯೂ ನಿಂತಿತು. ಮೋಡದ ನಡುವೆ ಬೆಳಕು ಬಿತ್ತು, ಒಂದು ಕಾಗೆ ಕೂಗಿತು.

“ಹೊಳವಾಯ್ತು ಅಲ್ದಾ ಟೀಚರೇ,” ಎಂದರು ನಾಗಪ್ಪನವರು, ಬೆನ್ನು ನೆಟ್ಟಗೆ ಮಾಡುತ್ತ.

ಊರಿನವರು ಒಬ್ಬರೂ ಅಲುಗಲಿಲ್ಲ. ಮಿಸ್ತ್ರಿ ಕೈಮೈಕಿನಲ್ಲಿ, ಯಾರೂ ಇಳಿಯಬೇಡಿ, ಗಾಳಿ ತಿರುಗುತ್ತದೆ ಎಂದು ಹೇಳುತ್ತಲೇ ಇದ್ದರು. ಅವರು ನಡೆಯಲಾಗದ ಒಬ್ಬ ಮುದುಕನನ್ನು ಹೊತ್ತು ತರಲು ಹಿಂಬದಿಗೆ ಇಳಿದರು. ನಾನು ಎದ್ದೆ.

ಯಾಕೆ ಎದ್ದೆ ಎಂದು ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಇದು ಕಣ್ಣು ಎಂದು ತಲೆಗೆ ಗೊತ್ತಿತ್ತು. ಹಲಗೆಯ ಮೇಲೆ ಬರೆದ ನಾಲ್ಕು ದಿನಕ್ಕೆ ಮರೆತುಹೋಗುವಷ್ಟು ದಡ್ಡಿಯಲ್ಲ ನಾನು. ಆದರೆ ಹೊಳವು ಎಂಬ ಮಾತು ಕಿವಿಗೆ ಬಿದ್ದದ್ದೇ ಸಿರಿಮನೆಯ ಅಂಗಳ ಕಂಡಿತು. ಅಪ್ಪ ಕೊಡೆ ಹುಡುಕುತ್ತಿದ್ದಾರೆ, ಕೊಳವೆ ತುಂಬುತ್ತ ಬಂದಿದೆ, ಈಗ ಓದದಿದ್ದರೆ ಅಡ್ಡಗೆರೆ. ಇಷ್ಟು ದೊಡ್ಡ ಮಳೆಗೆ ಅಡ್ಡಗೆರೆ ಹಾಕುವುದೇ? ಅರ್ಧ ಗಂಟೆ ಇದೆ, ನಾನೇ ಹೇಳಿದ್ದೇನಲ್ಲ ಎಂದುಕೊಂಡೆ.

“ಎಲ್ಲಿಗೆ ಹೊರಟ್ರಿ?” ಎಂದು ನಾಗಪ್ಪನವರು ಕೇಳಿದರು.

“ಕೊಳವೆ ಓದಿ ಬರ್ತೀನಿ. ಐದೇ ನಿಮಿಷ.”

“ಸುಮ್ನೆ ಕೂತ್ಕಳಿ ಮಾರಾಯ್ರೆ! ಅದೆಂತ ಓಡಿ ಹೋಗುತ್ತಾ?”

ನಾನು ಆಗಲೇ ಮೆಟ್ಟಿಲಲ್ಲಿದ್ದೆ.

ರೊಕೇಯಾ ಮನೆ ಕೂಗಳತೆಯ ದೂರ. ಆದರೆ ದಾರಿಗೆ ಅಡ್ಡ ಮರಗಳು ಬಿದ್ದಿದ್ದವು. ಒಂದೊಂದನ್ನೂ ಹತ್ತಿ ಇಳಿದು ಅಂಗಳ ಮುಟ್ಟಿದರೆ ಮನೆಗೆ ಮಾಡೇ ಇರಲಿಲ್ಲ. ಮಿಸ್ತ್ರಿ ನೆಟ್ಟ ಕಂಬ ಮಾತ್ರ ಕೂದಲಷ್ಟೂ ವಾಲದೆ ನಿಂತಿತ್ತು. ಅದರ ಮೇಲೆ ಕೊಳವೆ ಇರಲಿಲ್ಲ.

ಆಗಲಾದರೂ ತಿರುಗಬಹುದಿತ್ತು. ನಾನು ಹುಡುಕತೊಡಗಿದೆ. ಬಾಳೆಗಿಡಗಳ ರಾಶಿ ಎತ್ತಿ ನೋಡಿದೆ, ಕೊಳದ ಅಂಚಿನಲ್ಲಿ ಬಗ್ಗಿ ನೋಡಿದೆ. ಗಾಳಿಗೆ ಹಾರಿಹೋದ ಕೊಳವೆಯಲ್ಲಿ ನೀರು ಉಳಿದಿರುತ್ತದೆಯೇ? ಸಿಕ್ಕರೂ ಏನು ಓದುತ್ತಿದ್ದೆ? ಆ ಹೊತ್ತಿನಲ್ಲಿ ಇದು ಯಾವುದೂ ಹೊಳೆಯಲಿಲ್ಲ. ಹಟಕ್ಕೆ ಬಿದ್ದವಳ ಹಾಗೆ ಹುಡುಕುತ್ತಿದ್ದೆ.

“ದಿದಿ! ದಿದಿ!” ಎಂದು ಕೈಮೈಕು ಕೂಗಿತು. ಮುದುಕನನ್ನು ಮೇಲೆ ಮುಟ್ಟಿಸಿದ ಮಿಸ್ತ್ರಿ ಮರಗಳನ್ನು ಹಾರುತ್ತ ಬಂದರು. ಬೈಯಲಿಲ್ಲ. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಓಡಿದರು. ಆಶ್ರಯದ ಮೆಟ್ಟಿಲು ಇಪ್ಪತ್ತು ಹೆಜ್ಜೆ ಇರುವಾಗ ಪಶ್ಚಿಮದ ಕಡೆಯಿಂದ, ನದಿಯ ಮೇಲಿನಿಂದ, ಗಾಳಿ ಬಂತು. ಮೊದಲಿನ ಹಾಗೆ ನಿಧಾನವಾಗಿ ಏರಲಿಲ್ಲ, ಒಮ್ಮೆಲೇ ಬಂತು. ನಾನು ಮಗುಚಿ ಬಿದ್ದೆ. ಅವರು ನನ್ನ ಮೇಲೆ ಬಗ್ಗಿ ಬಲಗೈಯನ್ನು ನನ್ನ ತಲೆಯ ಮೇಲೆ ಅಡ್ಡ ಹಿಡಿದರು. ಎಲ್ಲಿಂದಲೋ ಒಂದು ತಗಡು ತಿರುಗುತ್ತ ಬಂದು ಆ ಕೈಗೆ ಬಡಿಯಿತು.

ಎಡಗೈಯಲ್ಲೇ ನನ್ನನ್ನು ಎಳೆದು ಮೆಟ್ಟಿಲು ಹತ್ತಿಸಿದರು. ನಾಗಪ್ಪನವರು ಮತ್ತು ನಾಲ್ಕು ಜನ ಮೇಲಿನಿಂದ ಹಗ್ಗ ಬಿಟ್ಟು ಇಬ್ಬರನ್ನೂ ಒಳಗೆ ತೆಗೆದುಕೊಂಡರು. ರೊಕೇಯಾ ತನ್ನ ಸೆರಗು ಹರಿದು ಆ ಕೈಗೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ನೀರು ಬಂದ ಸದ್ದು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂತು, ಒಂಬತ್ತನೆಯದರಲ್ಲಿ ನಿಂತಿತು.

ಉಪ್ಪು

ಚಂಡಮಾರುತ ನೆಲಕ್ಕೆ ಬಂದ ಮೇಲೆ ಸೊರಗುತ್ತದೆ ಎಂದು ಪುಸ್ತಕದಲ್ಲಿದೆ. ನಿಜ, ಮರುದಿನ ಬೆಳಿಗ್ಗೆ ಗಾಳಿ ಸತ್ತಿತ್ತು. ಸತ್ತ ಮೇಲೆ ಅದು ಬಿಟ್ಟುಹೋಗುವುದರ ಬಗ್ಗೆ ಪುಸ್ತಕದಲ್ಲಿಲ್ಲ.

ಕೊಯ್ಲಿಗೆ ಬಂದಿದ್ದ ಭತ್ತ ಕೆಸರಿನಲ್ಲಿ ಮಲಗಿತ್ತು. ನಮ್ಮಲ್ಲೂ ಅದೇ ವಾರ ಕೊಯ್ಲು. ಆಶ್ರಯದ ಮೆಟ್ಟಿಲು ಹತ್ತಲಾರದ ದನಗಳು ಬೇಲಿಗೆ ಸಿಕ್ಕಿ ಸತ್ತಿದ್ದವು. ಉಪ್ಪುಗಾಳಿಗೆ ಸಿಕ್ಕಿದ ಎಲೆಗಳು ಬೆಂಕಿ ತಾಗಿದಂತೆ ಕಂದಿದ್ದವು. ನಾನು ಬಿದ್ದು ನಗೆಪಾಟಲಾಗಿದ್ದ ಕೊಳದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ರೊಕೇಯಾ ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಹಚ್ಚಿ ಉಗಿದಳು. ಇನ್ನೆರಡು ಮಳೆಗಾಲ ಆಗಬೇಕು, ಉಪ್ಪು ತೊಳೆದುಹೋಗಲು ಎಂದಳು. ಸುತ್ತ ಎಲ್ಲೆಲ್ಲೂ ನೀರು, ಕುಡಿಯಲು ಹನಿಯಿಲ್ಲ. ನಮ್ಮ ಮಳೆ ಎಷ್ಟೇ ಹಾಳು ಮಾಡಲಿ, ಬಾವಿಗೆ ಉಪ್ಪು ಹಾಕಿ ಹೋದದ್ದಿಲ್ಲ. ಅವರಿಗೆ ಬೇಕಾಗಿದ್ದದ್ದು ನಾನು ಜಂಬ ಕೊಚ್ಚಿದ ಆ ಮಳೆಯೇ ಎಂದು ಆಗ ತಿಳಿಯಿತು.

ಆ ಬೆಳಿಗ್ಗೆಯೇ ಮಿಸ್ತ್ರಿಯ ಕೈ ಕಪ್ಪಾಗಿತ್ತು. ದೋಣಿಗಳೆಲ್ಲ ಒಡೆದುಹೋಗಿದ್ದ ಊರಿನಲ್ಲಿ ದೋಣಿ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಪಟ್ಟಣಕ್ಕೆ ಮುಟ್ಟುವಾಗ ಸಂಜೆ.

ಪಟ್ಟಣದ ಆಸ್ಪತ್ರೆ

ಮಣಿಕಟ್ಟಿನ ಮೇಲಕ್ಕೆ ಕತ್ತರಿಸಬೇಕಾಯಿತು. ಬಲಗೈ. ಗೇಣು ಅಳೆಯುವ ಕೈ.

ಎರಡು ದಿನ ನನಗೆ ಅವರ ಮುಂದೆ ಹೋಗಲು ಧೈರ್ಯವಾಗಲಿಲ್ಲ. ವರಾಂಡದಲ್ಲಿ ಕುಳಿತಿದ್ದೆ. ನಾಗಪ್ಪನವರು ಗಂಜಿ, ಔಷಧಿ ಎಂದು ಓಡಾಡುತ್ತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಮೂರನೆಯ ಬೆಳಿಗ್ಗೆ ಅವರೇ ಬಂದು, “ಮಿಸ್ತ್ರಿ ನಿಮ್ಮನ್ನ ಕೇಳ್ತಿದಾರೆ. ಒಳಗೆ ಬನ್ನಿ ಟೀಚರೇ, ಹಿಂಗೆ ಕೂತ್ರೆ ಆಗಲ್ಲ,” ಎಂದರು.

ಮಿಸ್ತ್ರಿ ದಿಂಬಿಗೆ ಒರಗಿದ್ದರು. ಪಟ್ಟಿ ಸುತ್ತಿದ ತೋಳು ಎದೆಯ ಮೇಲಿತ್ತು. ನಾನು ಕ್ಷಮಿಸಿ ಎಂದು ಹೇಳಲು ಹಿಂದಿಯಲ್ಲಿ ಎರಡು ದಿನದಿಂದ ಜೋಡಿಸಿಟ್ಟ ಮಾತುಗಳಿದ್ದವು. ಅವರು ಬಾಯಿ ತೆರೆಯಲು ಬಿಡಲಿಲ್ಲ. ಗೋಡೆಯ ಗಡಿಯಾರ ನೋಡಿ, ಅಂಗಳದಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು: “ದಿದಿ, ಎಷ್ಟಾಯ್ತು?”

ನನಗೆ ಅರ್ಥವಾಯಿತು. ನಾನು ಓದಿದ ಮೇಲೆ ತಾವು ಬಂದು ಎಳೆದುಕೊಂಡು ಹೋದದ್ದು ಎಂದು ಅವರು ತಿಳಿದಿದ್ದರು. ಲೆಕ್ಕ ಸಿಕ್ಕಿದೆ ಎಂದು ತಿಳಿದಿದ್ದರು.

“ಏಳು ಇಂಚು ಇಪ್ಪತ್ತು ಸೆಂಟು,” ಎಂದೆ.

ಆ ಲೆಕ್ಕ ಎಲ್ಲಿಂದ ಬಂತೆಂದು ನನಗೆ ಗೊತ್ತು. ನನಗೆ ಹತ್ತು ವರ್ಷವಿದ್ದಾಗ ಒಂದು ಆಷಾಢದ ಬೆಳಿಗ್ಗೆ ಸಿರಿಮನೆಯ ಹಳ್ಳ ದಾಟುವ ಸಂಕ ಕೊಚ್ಚಿಹೋಗಿತ್ತು. ಅಪ್ಪ ಕೊಳವೆ ಓದುವಾಗ ಕೊಡೆ ಹಿಡಿದವಳು ನಾನೇ. ಅಪ್ಪನ ಪುಸ್ತಕದ ಅತಿ ದೊಡ್ಡ ಮಳೆ ಅದು. ಬರೀ ಏಳು ಎಂದಿದ್ದರೆ ಅಂದಾಜು ಎಂದು ಹೇಳಿ ಪಾರಾಗಬಹುದಿತ್ತು. ಇಪ್ಪತ್ತು ಸೆಂಟು ಸೇರಿಸಿ ಸುಳ್ಳನ್ನು ನಿಜ ಮಾಡಿದೆ.

ಅವರ ಮುಖ ಅರಳಿತು. “ಏಳು ಇಂಚು ಇಪ್ಪತ್ತು ಸೆಂಟು,” ಎಂದು ಮೆಲ್ಲಗೆ ಹೇಳಿಕೊಂಡರು. ಪಕ್ಕದ ಮಂಚದವನಿಗೆ ಹೇಳಿದರು. ಗಂಜಿ ತಂದವಳಿಗೆ ಹೇಳಿದರು. ನಾನು ಅಲ್ಲಿದ್ದ ಅರ್ಧ ಗಂಟೆಯಲ್ಲಿ ಐದು ಜನರಿಗೆ ಹೇಳಿದರು. ಬಂದವರೆಲ್ಲ ಅವರ ತೋಳು ನೋಡುತ್ತಿದ್ದರು, ಅವರು ಮಳೆಯ ಮಾತಾಡುತ್ತಿದ್ದರು.

ಹೊರಗೆ ಬಂದ ಮೇಲೆ ನಾಗಪ್ಪನವರು ಕೇಳಿದರು: “ಕೊಳವೆ ಸಿಕ್ಕಿತ್ತಾ ಟೀಚರೇ?”

“ಇಲ್ಲ.”

“ಈಗ ಹೋಗಿ ಇಲ್ಲ ಅನ್ನಕ್ಕಾಗುತ್ತಾ,” ಎಂದರು. “ಎಂತ ಮಾಡಿಬಿಟ್ರಿ ಮಾರಾಯ್ರೆ.”

ಮತ್ತೆ ಕೊಪ್ಪ

ಮನೆಗೆ ಬಂದಾಗ ನನ್ನ ಯಜಮಾನರು ನಮ್ಮ ಮಳೆಪುಸ್ತಕ ತಂದು ಮುಂದಿಟ್ಟರು. ಮಳೆ ಓದುವುದೆಂದರೆ ಅವರಿಗೆ ಬೇಸರ. ಆದರೂ ನಾನಿಲ್ಲದ ಒಂದು ದಿನವನ್ನೂ ತಪ್ಪಿಸಿರಲಿಲ್ಲ. ಹದಿನೇಳು ದಿನವೂ ಸೊನ್ನೆ. “ನೋಡು ಮಾರಾಯ್ತಿ, ಒಂದು ಗೆರೆ ಇಲ್ಲ,” ಎಂದರು ಹೆಮ್ಮೆಯಿಂದ.

ಅಕ್ಕಪಕ್ಕದವರು ಬಂದು ಅದೇ ಪ್ರಶ್ನೆ ಕೇಳಿದರು. ಅಲ್ಲಿ ಎಷ್ಟಾಯ್ತು? ಅಳೆಯಲಾಗಲಿಲ್ಲ, ಕೊಳವೆ ಹಾರಿಹೋಯಿತು ಎಂದೆ. ಕೊಪ್ಪದವರಿಗೆ ನಿಜ ಹೇಳಲು ಏನೂ ಕಷ್ಟವಾಗಲಿಲ್ಲ.

ಹೊಸ ಮಳೆಮಾಪಕವೊಂದನ್ನು ಹತ್ತಿಯಲ್ಲಿ ಸುತ್ತಿ ಆ ಶಾಲೆಗೆ ಅಂಚೆಯಲ್ಲಿ ಕಳಿಸಿದೆ, ಜೊತೆಗೆ ನೀಲಿ ರಟ್ಟಿನ ಒಂದು ಪುಸ್ತಕ. ಇನ್ನೇನು ಕಳಿಸಬಹುದಿತ್ತೋ ತಿಳಿಯಲಿಲ್ಲ. ಕೈ ಕಳಿಸಲು ಬರುವುದಿಲ್ಲ. ಕಾಲೇಜಿನಲ್ಲಿ ಚಂಡಮಾರುತದ ಪಾಠ ಬಂದಾಗ ಕಣ್ಣಿನ ತನಕ ಬಿಡಿಸಿ ಉಳಿದದ್ದನ್ನು ಓದಿಕೊಳ್ಳಿ ಎಂದೆ.

ಮುಂಗಾರು ಹಿಡಿಯುವ ಹೊತ್ತಿಗೆ ರೊಕೇಯಾಳ ಕಾಗದ ಬಂತು. ಕೊಳದ ಉಪ್ಪು ಕಡಿಮೆಯಾಗುತ್ತಿದೆ ಎಂದು ಬರೆದಿದ್ದಳು. ಮಿಸ್ತ್ರಿ ಈಗ ದೋಣಿ ಕಟ್ಟುವುದಿಲ್ಲ. ಕಟ್ಟುವವರ ಪಕ್ಕ ಕುಳಿತು ಹೇಳಿಕೊಡಲು ನೋಡಿದರು, ಆದರೆ ಅವರ ಅಳತೆ ಬೇರೆಯವರ ಗೇಣಿಗೆ ಕೂರುವುದಿಲ್ಲ. ಹಳೆಯ ಕಂಬಕ್ಕೇ ಹೊಸ ಕೊಳವೆ ಸಿಕ್ಕಿಸಿದ್ದಾರೆ. ದಿನವೂ ಎಂಟೂವರೆಗೆ ಅವರೇ ಓದಿ, ಎಡಗೈಯಲ್ಲಿ ಬರೆಯುತ್ತಾರೆ. ಬರೆಯುವುದಕ್ಕೆಂದೇ ಎಡಗೈ ಅಕ್ಷರ ಕಲಿತರು. ಪುಸ್ತಕದ ಮೊದಲ ಪುಟದ ನಕಲೊಂದನ್ನು ಕಾಗದದ ಜೊತೆ ಇಟ್ಟಿದ್ದಳು.

ಮೊದಲ ಸಾಲಿನಲ್ಲಿ ಚಂಡಮಾರುತದ ದಿನ. ಅದರ ಮುಂದೆ, ಸೊಟ್ಟಸೊಟ್ಟ ಅಂಕಿಗಳಲ್ಲಿ, ನಮ್ಮ ಸಿರಿಮನೆಯ ಮಳೆ. ಅದರ ಕೆಳಗೆ ಅವರು ತಾವೇ ಓದಿದ ದಿನಗಳು. ಒಂದು ದಿನದ ಮುಂದೆ ಅಡ್ಡಗೆರೆಯಿತ್ತು. ಆವತ್ತು ಮಿಸ್ತ್ರಿಗೆ ಜ್ವರ, ಏಳಲಾಗಲಿಲ್ಲ, ಕಾಣದ್ದನ್ನು ಬರೆಯಬಾರದು ಎಂದು ದಿದಿ ಹೇಳಿದ್ದಾರೆ ಎಂದು ಗೆರೆ ಹಾಕಿದರು ಎಂದು ರೊಕೇಯಾ ವಿವರಿಸಿದ್ದಳು. ಕೊನೆಗೆ ಅವರ ಒಂದು ಪ್ರಶ್ನೆ. ಮೊದಲ ಸಾಲು ಮಾತ್ರ ನಾನು ಓದಿದ್ದಲ್ಲ, ನಿಮ್ಮಿಂದ ಕೇಳಿ ಬರೆದದ್ದು. ಸರಿಯಾಗಿದೆಯೇ ದಿದಿ? ತಪ್ಪಿದ್ದರೆ ಈಗಲೇ ತಿಳಿಸಿ, ತಿದ್ದುತ್ತೇನೆ.

ಒಂದು ವಾರ ಆ ಕಾಗದ ಮೇಜಿನ ಮೇಲಿತ್ತು. ಒಂದು ಅಡ್ಡಗೆರೆ ಹಾಕಿ ಎಂದು ಬರೆದರೆ ಸಾಕಿತ್ತು, ಅವರ ಪುಸ್ತಕ ಶುದ್ಧವಾಗುತ್ತಿತ್ತು. ಆದರೆ ಕೈ ಹೋದದ್ದು ಏತಕ್ಕೆ ಎಂಬುದರ ಮುಂದೆಯೂ ಆ ಗೆರೆ ಬೀಳುತ್ತಿತ್ತು. ಮೂರು ಸಲ ನಿಜ ಬರೆದು ಮೂರು ಸಲ ಹರಿದೆ. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಅವರು ಓದಲಾರರು ಎಂಬ ಧೈರ್ಯದಿಂದಲೇ.

ಎಂಟನೆಯ ದಿನ ಮಳೆ ಸ್ವಲ್ಪ ಹೊಳವಾಯಿತು. ಸರಿಯಾಗಿದೆ ಎಂದು ಒಂದು ಕಾರ್ಡಿನಲ್ಲಿ ಬರೆದು, ಬಸ್‌ಸ್ಟ್ಯಾಂಡಿನ ಮೇಲಿನ ಅಂಚೆಕಚೇರಿಗೆ ನಡೆದುಹೋಗಿ ಹಾಕಿ ಬಂದೆ.